ರಸ್ತೆಯಿಲ್ಲದ ಊರಿನ ಮೊದಲ ನೆರವು
(ಯುವಜನರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಅಲಾಸ್ಕಾ ರಾಜ್ಯದ ಪಶ್ಚಿಮದಲ್ಲಿ, ಕುಸ್ಕೊಕ್ವಿಮ್ ನದಿಯ ದಡದಲ್ಲಿ, ಅನಿಯಾಕ್ ಎಂಬ ಹಳ್ಳಿಯಿದೆ. ಜನಸಂಖ್ಯೆ ಸುಮಾರು 500. ಹೊರಗಿನ ಯಾವ ಪಟ್ಟಣಕ್ಕೂ ಅಲ್ಲಿಂದ ರಸ್ತೆಯಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಹಿಮವಾಹನ, ಉಳಿದಂತೆ ಸಣ್ಣ ವಿಮಾನ. ಪ್ರಾದೇಶಿಕ ಆಸ್ಪತ್ರೆಯಿರುವ ಬೆಥೆಲ್ ಪಟ್ಟಣ ಸುಮಾರು 150 ಕಿ.ಮೀ. ದೂರ. ಹವೆ ಕೆಟ್ಟರೆ ವಿಮಾನವೂ ಹಾರದು.

1990ರ ದಶಕದಲ್ಲಿ ಅಲ್ಲಿ ವಯಸ್ಕ ಸ್ವಯಂಸೇವಕರು ಸಾಲದಾದಾಗ ಅಗ್ನಿಶಾಮಕ ದಳದ ಮುಖ್ಯಸ್ಥರು ಪ್ರೌಢಶಾಲೆಯ ಮಕ್ಕಳಿಗೆ ತುರ್ತು ಚಿಕಿತ್ಸೆಯ ತರಬೇತಿ ಕೊಟ್ಟರು. ‘ಡ್ರ್ಯಾಗನ್ ಸ್ಲೇಯರ್ಸ್’ ಎಂದು ಹೆಸರಾದ ಆ ತಂಡದಲ್ಲಿ ಹುಡುಗಿಯರೇ ಹೆಚ್ಚಾಗಿದ್ದರು. ಕರೆ ಬಂದರೆ ದೋಣಿಯಲ್ಲಿ, ಹಿಮವಾಹನದಲ್ಲಿ ಸುತ್ತಲಿನ ಹಳ್ಳಿಗಳಿಗೂ ಅವರು ಧಾವಿಸುತ್ತಿದ್ದರು.

ಇದನ್ನು ಕೇವಲ ಕೊರತೆಯ ಊರಿನ ಅನಿವಾರ್ಯವೆಂದು ತಳ್ಳಿಹಾಕುವಂತಿಲ್ಲ. ಅದೇ ದೇಶದ ಕನೆಕ್ಟಿಕಟ್ ರಾಜ್ಯದ ಶ್ರೀಮಂತ ಪಟ್ಟಣ ಡೇರಿಯನ್‌ನಲ್ಲಿ ‘ಪೋಸ್ಟ್ 53’ ಎಂಬ ಆಂಬುಲೆನ್ಸ್ ಸೇವೆ 1970ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳ ಬಲದಿಂದಲೇ ನಡೆದಿದೆ. ಅನುಭವಿ ಹಿರಿಯರು ಅವರ ಜೊತೆಗಿರುತ್ತಾರೆ. ಹೃದಯ ನಿಂತವರ ಎದೆಯೊತ್ತಿ ಜೀವ ಹಿಡಿದಿಡುವ ವಿಧಾನವನ್ನು 12ನೆಯ ವಯಸ್ಸಿನಿಂದ ವರ್ಷಕ್ಕೆ 2 ಗಂಟೆ ಕಲಿಸಬೇಕೆಂಬ ಅಭಿಯಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆಂಬಲ ನೀಡಿತು.

ಮಲೆನಾಡಿಗೆ ಈ ಪಾಠ ದೂರದ್ದಲ್ಲ. ಕರ್ನಾಟಕದಲ್ಲಿ 2008ರಿಂದ 108ರ ವಾಹನಗಳು ಓಡಾಡುತ್ತಿವೆ. ಆದರೆ ಹಳ್ಳ ಉಕ್ಕಿದ ಆಷಾಢದಲ್ಲಿ, ಫೋನಿಗೆ ಸಂಕೇತವೇ ಸಿಗದ ಕಣಿವೆಯ ಒಂಟಿಮನೆಗೆ ವಾಹನ ತಲುಪುವುದು ಸುಲಭವಲ್ಲ. ಆ ನಡುವಿನ ಹೊತ್ತಿನಲ್ಲಿ ಮಾಡುವ ತಪ್ಪು ಕೆಲವೊಮ್ಮೆ ಅಪಘಾತಕ್ಕಿಂತ ಘೋರ. ಅಡಕೆ ಮರದಿಂದ ಬಿದ್ದ ಕೊನೆಗೌಡನನ್ನು ಕಂಬಳಿಯ ಜೋಲಿಯಲ್ಲಿ ಮಡಚಿ ಹೊತ್ತರೆ ಬೆನ್ನುಹುರಿಗೆ ಹಾನಿಯಾದೀತು. ಗಟ್ಟಿ ಹಲಗೆಯ ಮೇಲೆ ಅಲುಗದಂತೆ ಮಲಗಿಸಿ ಒಯ್ಯಬೇಕು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಸಲ್ಲದು. ಕೈಕಾಲು ಅಲುಗದಂತೆ ಅಡಕೆ ದಬ್ಬೆಯ ಆಸರೆ ಕೊಟ್ಟು, ನಡೆಯಗೊಡದೆ, ವಿಷಕ್ಕೆ ಪ್ರತಿಮದ್ದಿರುವ ಆಸ್ಪತ್ರೆಗೆ ಸೇರಿಸಬೇಕು. ರಕ್ತ ಚಿಮ್ಮುವ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿಹಿಡಿಯಬೇಕು. ಹದಿನಾರರ ಹುಡುಗ ಹುಡುಗಿಯರು ಇಷ್ಟನ್ನು ಖಂಡಿತ ಕಲಿಯಬಲ್ಲರು.

ಆದರೆ ಮಿತಿಗಳೂ ಸ್ಪಷ್ಟವಿರಬೇಕು. ತರಬೇತಿ ಅರ್ಹರಿಂದಲೇ ಆಗಬೇಕು. ವರ್ಷವರ್ಷವೂ ಮರುಕಲಿಕೆ ನಡೆಯಬೇಕು. ಪಾಲಕರ ಒಪ್ಪಿಗೆ, ಹಿರಿಯರೊಬ್ಬರ ಸಾಂಗತ್ಯ, ರೋಗಿಯ ಗುಟ್ಟನ್ನು ಕಾಯುವ ಶಿಸ್ತು ಬೇಕು. ಸಣ್ಣ ಊರಿನಲ್ಲಿ ನರಳುತ್ತಿರುವವರು ಗೆಳೆಯರೋ ಬಂಧುಗಳೋ ಆಗಿರುತ್ತಾರೆ. ಸಾವನ್ನು ಕಣ್ಣಾರೆ ಕಂಡ ಮಗುವಿನ ಮಾತಿಗೆ ಕಿವಿಗೊಡುವವರಿಲ್ಲದಿದ್ದರೆ ಸೇವೆಯೇ ಗಾಯವಾದೀತು.

ಪರಿಸರ ಚಳವಳಿಗೆ ಇದರಲ್ಲೇನು ಕೆಲಸವೆಂದು ಕೇಳುವವರಿದ್ದಾರೆ. ಕಾಡಿನ ನಡುವೆ ರಸ್ತೆ ಅಗಲಿಸುವ ಬೇಡಿಕೆಯ ಹಿಂದೆ ಹಲವೊಮ್ಮೆ ರೋಗಿಯ ನೈಜ ಸಂಕಟವಿರುತ್ತದೆ. ಆ ಸಂಕಟಕ್ಕೆ ಉತ್ತರವಿಲ್ಲದೆ ಮರಗಳ ಪರವಾಗಿ ಆಡುವ ಮಾತು ಒಂಟಿಮನೆಯ ಕಿವಿಗೆ ನಿಷ್ಠುರವಾಗಿಯೇ ಕೇಳಿಸುತ್ತದೆ. ತರಬೇತಾದ ಮಕ್ಕಳು ಆಸ್ಪತ್ರೆಗೆ ಬದಲಿಯಲ್ಲ. ಸರ್ಕಾರದ ಹೊಣೆಯನ್ನು ಅವರ ಹೆಗಲಿಗೆ ದಾಟಿಸುವುದೂ ನ್ಯಾಯವಲ್ಲ. ಆದರೆ ಕಾಡಿನೊಡನೆ ಬಾಳಬೇಕೆನ್ನುವ ಊರು, ತನ್ನವರು ಬಿದ್ದಾಗ ಮೊದಲು ಕೈಹಿಡಿಯುವವರನ್ನು ತನ್ನೊಳಗಿಂದಲೇ ಸಿದ್ಧಪಡಿಸಿಕೊಳ್ಳಬೇಕು. ಪ್ರತಿ ಪ್ರೌಢಶಾಲೆಯಿಂದ ಹತ್ತು ಮಕ್ಕಳು, ಹತ್ತಿರದ ಆರೋಗ್ಯ ಕೇಂದ್ರದಿಂದ ಒಬ್ಬ ವೈದ್ಯರು: ಬರುವ ಮಳೆಗಾಲಕ್ಕೆ ಮುನ್ನ ಅಷ್ಟರಿಂದ ಆರಂಭವಾಗಲಿ.