ಬಾಗಿಲು ಹಿಡಿಯುವ ಗೇಣುದ್ದದ ಪಟ್ಟಿ: ಹಾಟ್ ರಾಡ್ ಚೆಕ್ ಸ್ಟ್ರಾಪ್ ಕಥೆ

ಪರದೆಯ ಮೇಲೆ ನೀವು ನೋಡುತ್ತಿರುವುದು 1932ರ ಫೋರ್ಡ್ ತ್ರೀ ವಿಂಡೋ ಕೂಪೆ. ಮಡ್‌ಗಾರ್ಡ್ ಇಲ್ಲ, ಬಂಪರ್ ಇಲ್ಲ, ಬಾನೆಟ್ ಕೂಡ ಇಲ್ಲ. ಹಾಟ್ ರಾಡ್ ಎಂದರೆ ಹೀಗೇ, ಬೇಡವೆನಿಸಿದ್ದನ್ನೆಲ್ಲ ಕಳಚಿ ಮೂಲೆಗೆಸೆದ ಕಾರು. ಈಗ ಬಾಗಿಲು ತೆಗೆಯೋಣ. ಬಾಗಿಲಿಗೂ ಪಕ್ಕದ ಕಂಬಕ್ಕೂ ನಡುವೆ ಗೇಣುದ್ದದ ಒಂದು ಪಟ್ಟಿ ಬಿಗಿದು ನಿಂತಿದೆಯಲ್ಲ, ಅದೇ ಚೆಕ್ ಸ್ಟ್ರಾಪ್. ಗಾಳಿಗೆ ಬಡಿಯದಂತೆ ಮನೆಯ ಕಿಟಕಿಗೆ ಹಾಕುವ ಕೊಕ್ಕೆ ಇದೆಯಲ್ಲ, ಹೆಚ್ಚುಕಡಿಮೆ ಅದರದ್ದೇ ಕೆಲಸ. ಎಲ್ಲವನ್ನೂ ಕಿತ್ತು ಹಾಕಿದವರು ಇದೊಂದನ್ನು ಮಾತ್ರ ಹುಡುಕಿ ತಂದು ಯಾಕೆ ಕೂರಿಸುತ್ತಾರೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಮೊದಲ ಕಾರುಗಳಿಗೆ ಈ ತಲೆನೋವೇ ಇರಲಿಲ್ಲ. ತೆರೆದ ಕಾರು, ಸೊಂಟದೆತ್ತರದ ಪುಟ್ಟ ಬಾಗಿಲು. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಹತ್ತಕ್ಕೊಂದು ಮಾತ್ರ ಮುಚ್ಚಿದ ಕಾರು. 1927ರ ಹೊತ್ತಿಗೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು! ಬಾಗಿಲು ಎತ್ತರವಾಯಿತು, ಒಳಗೆ ಗಾಜು ಬಂತು, ಭಾರ ಏರಿತು, ಗಾಳಿಗೆ ಸಿಗುವ ಜಾಗವೂ ಹೆಚ್ಚಿತು. ಬಾಡಿ ಕಟ್ಟುವವರಲ್ಲಿ ಬಹಳ ಮಂದಿ ಕುದುರೆ ಸಾರೋಟಿನ ಕಸುಬಿನಿಂದ ಬಂದವರು, ಚರ್ಮದ ಕೆಲಸ ಅವರಿಗೆ ಕರಗತ. ಎರಡು ಮೂರು ಪದರ ಚರ್ಮ ಹೊಲಿದು, ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ಬಾಗಿಲಿಗೆ ಸ್ಕ್ರೂ ಹಾಕಿ ಬಿಗಿದರು. ತಗಡಿನ ಹಿಂದೆ ಮರದ ಚೌಕಟ್ಟಿದ್ದ ಕಾರುಗಳಲ್ಲಿ ಸ್ಕ್ರೂ ಗಟ್ಟಿಯಾಗಿ ಕಚ್ಚಿ ನಿಲ್ಲುತ್ತಿತ್ತು.

ಈಗ ಹಾಟ್ ರಾಡ್ ಕಡೆಗೆ. 1932ರಲ್ಲಿ ಫೋರ್ಡ್ ತನ್ನ ವಿ8 ಎಂಜಿನ್ ತಂದಿತು. 3.6 ಲೀಟರ್, 65 ಅಶ್ವಶಕ್ತಿ, ರೋಡ್‌ಸ್ಟರ್ ಬೆಲೆ 500 ಡಾಲರ್‌ಗಿಂತ ಕಡಿಮೆ. ನಾಲ್ಕಾರು ವರ್ಷ ಕಳೆದು ಇವೇ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರ ಕೈಗೆ ಬಂದವು. ಮುರಾಕ್‌ನ ಒಣಗಿದ ಕೆರೆಯಂಗಳವೇ ಅವರ ಓಟದ ಮೈದಾನ. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರ ಜನವರಿಯಲ್ಲಿ 'ಹಾಟ್ ರಾಡ್' ಪತ್ರಿಕೆ ಬಂತು. ಮರುವರ್ಷ ಬಾನ್‌ವಿಲ್‌ನ ಉಪ್ಪಿನ ಬಯಲಲ್ಲಿ ಸ್ಪೀಡ್ ವೀಕ್ ನಡೆಯಿತು. ಇವರಿಗೆ ಬೇಕಾಗಿದ್ದು ವೇಗ. ಬಾಗಿಲ ಪಟ್ಟಿ ಒಣಗಿ ಹರಿದರೆ ಹರಿಯಲಿ, ಯಾರಿಗೆ ಬೇಕು!

ತೊಂದರೆ ಶುರುವಾಗಿದ್ದು ಈ ಕಾರುಗಳಿಗೆ ದುಬಾರಿ ಪೇಂಟ್ ಏರಿದ ಮೇಲೆ. ಹಳೆಯ ಫೋರ್ಡಿನ ಕೀಲುಗಳು ಹೊರಗೆ ಎದ್ದು ಕಾಣುವಂಥವು. ತಡೆಯಿಲ್ಲದ ಬಾಗಿಲು ಅಗತ್ಯಕ್ಕಿಂತ ಹೆಚ್ಚು ತಿರುಗಿದರೆ ಕೀಲಿನ ಹತ್ತಿರದ ಅಂಚು ಬಾಡಿಗೆ ಒತ್ತಿ ಪೇಂಟ್ ಏಳುತ್ತದೆ, ತಗಡು ನೆಗ್ಗುತ್ತದೆ. ತ್ರೀ ವಿಂಡೋ ಕೂಪೆಯದ್ದು ಇನ್ನೂ ಪೇಚು. ಅದರ ಕೀಲು ಹಿಂದುಗಡೆ, ಬಾಗಿಲು ತೆರೆಯುವುದು ಮುಂದುಗಡೆ. ಓಡುವಾಗ ಚಿಲಕ ಜಾರಿದರೆ ಗಾಳಿಯೇ ಬಾಗಿಲನ್ನು ಹಿಂದಕ್ಕೆ ಎಳೆದು ಬಿಸಾಡುತ್ತದೆ. ಸೂಯಿಸೈಡ್ ಡೋರ್ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಆ ವೇಗದಲ್ಲಿ ಪಟ್ಟಿ ನಿಮ್ಮನ್ನು ಕಾಯುತ್ತದೆ ಎಂದು ನಂಬಬೇಡಿ; ಅಲ್ಲಿ ಕಾಯಬೇಕಾದ್ದು ಗಟ್ಟಿ ಲಾಚ್.

ಇನ್ನು ಜೋಡಣೆಗೆ ಬರೋಣ. ಬಹಳಷ್ಟು ಮಂದಿ ಎಡವುವುದು ಇಲ್ಲೇ. ಬಾಗಿಲು 90 ಸೆಂಟಿಮೀಟರ್ ಅಗಲ, ಪಟ್ಟಿ ಕೂತಿರುವುದು ಕೀಲಿನಿಂದ 10 ಸೆಂಟಿಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. ಯಾರೋ ಇಳಿಯುವಾಗ ಬಾಗಿಲ ತುದಿಯನ್ನು 20 ಕೆಜಿಯಷ್ಟು ಬಲದಿಂದ ಹೊರಕ್ಕೆ ತಳ್ಳಿದರು. ಪಟ್ಟಿಯ ಮೇಲೆ ಬೀಳುವುದು ಅದರ ಒಂಬತ್ತು ಪಟ್ಟು, ಅಂದರೆ 180 ಕೆಜಿ. ಪಟ್ಟಿ ಓರೆಯಾಗಿ ಎಳೆಯುವುದರಿಂದ ನಿಜವಾದ ಬಿಗಿತ ಇನ್ನೂ ಹೆಚ್ಚು. ಒಂದು ಮಿಲಿಮೀಟರ್ ಆಸುಪಾಸಿನ ತಗಡಿಗೆ ಬರೀ ಸ್ಕ್ರೂ ಹೊಡೆದರೆ ಪಟ್ಟಿ ಹರಿಯುವುದಿಲ್ಲ, ತಗಡೇ ಕಿತ್ತು ಬರುತ್ತದೆ. ಆದ್ದರಿಂದ ಒಳಗಡೆ ದಪ್ಪ ಉಕ್ಕಿನ ಪ್ಲೇಟ್ ಕೊಟ್ಟು, ನಟ್ಟು ವೆಲ್ಡ್ ಮಾಡಿಸಿ, ಬೋಲ್ಟ್ ಹಾಕಿ.

ಉದ್ದವನ್ನು ಟೇಪ್ ಹಿಡಿದು ಲೆಕ್ಕ ಹಾಕಬೇಡಿ. ಬಾಗಿಲನ್ನು ನಿಧಾನ ತೆರೆಯುತ್ತಾ ಹೋಗಿ. ಅಂಚಿಗೂ ಬಾಡಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಉಳಿದಲ್ಲಿ ನಿಲ್ಲಿಸಿ, ಒಂದು ಹುರಿ ಕಟ್ಟಿ ಅಳತೆ ತೆಗೆದುಕೊಳ್ಳಿ. ಹೊಸ ಚರ್ಮ ಜಗ್ಗುತ್ತದೆ, ಅದಕ್ಕಾಗಿ ಕೂದಲೆಳೆಯಷ್ಟು ಗಿಡ್ಡವೇ ಇರಲಿ. ಬಾಗಿಲು ಮುಚ್ಚಿದಾಗ ಪಟ್ಟಿ ಒಳಮುಖವಾಗಿ ಮಡಚಿಕೊಳ್ಳಬೇಕು, ಸಂದಿಗೆ ಸಿಕ್ಕಿಬಿದ್ದರೆ ಹೊಲಿಗೆ ಬೇಗ ಬಿಡುತ್ತದೆ. ಕಿಟಕಿ ಗಾಜನ್ನು ಪೂರ್ತಿ ಇಳಿಸಿ ಬೋಲ್ಟಿನ ತುದಿ ತಾಗುತ್ತದೆಯೇ ಎಂದೂ ನೋಡಿ. ಚರ್ಮವೇ ಬೇಕೆಂಬ ಹಟವಿಲ್ಲದವರು ಸೀಟ್ ಬೆಲ್ಟಿನ ಪಟ್ಟಿ ಬಳಸುತ್ತಾರೆ. ಕತ್ತರಿಸಿದ ತುದಿಗೆ ಲೈಟರ್ ಬೆಂಕಿ ತೋರಿಸಿದರೆ ನೂಲು ಬಿಚ್ಚುವುದಿಲ್ಲ.

ಇಂದಿನ ಕಾರುಗಳಲ್ಲಿ ಈ ಕೆಲಸಕ್ಕೆ ಸ್ಪ್ರಿಂಗ್, ರೋಲರ್ ಇರುವ ಉಕ್ಕಿನ ತೋಳು ಬಂದಿದೆ. ಬಾಗಿಲನ್ನು ಅರ್ಧಕ್ಕೂ ನಿಲ್ಲಿಸುತ್ತದೆ. ಹಳೆಯ ಬಾಡಿಗೆ ಅದನ್ನು ತುರುಕಲು ಹೋದರೆ ಕಂಬ ಕೊರೆಯಬೇಕು, ಗಾಜಿನ ದಾರಿ ತಪ್ಪಿಸಬೇಕು. ತೊಂಬತ್ತು ವರ್ಷ ಉಳಿದು ಬಂದ ತಗಡಿಗೆ ಆ ಗತಿ ಬೇಡ ಎಂಬುದು ನನ್ನ ಅಭಿಪ್ರಾಯ, ಪಟ್ಟಿಯೇ ಸಾಕು. ಆದರೆ ಹಾಕಿಸಿ ಮರೆಯಬೇಡಿ. ವರ್ಷಕ್ಕೊಮ್ಮೆ ಹೊಲಿಗೆ, ಬೋಲ್ಟು ಎರಡನ್ನೂ ಎಳೆದು ನೋಡಿ, ಬಿರುಕು ಕಂಡ ದಿನವೇ ಬದಲಾಯಿಸಿ.