ಹ್ಯುಯೆನ್ ತ್ಸಾಂಗ್ ಮರಳಿದ ನಗರ

ಚೀನಾದ ಷಿಯಾನ್ ನಗರದಲ್ಲಿ ನಾನು ಕಳೆದದ್ದು ನಾಲ್ಕೇ ದಿನ. ನಾಲ್ಕು ದಿನ ಸುತ್ತಾಡಿ ಬಂದವನು ಒಂದು ದೇಶದ ವಿಷಯವಾಗಿ ಅಧಿಕಾರವಾಣಿಯಿಂದ ಮಾತನಾಡುವುದು ತರವಲ್ಲ. ಆದರೆ ಒಂದು ಗೋಪುರದ ವಿಷಯವಾಗಿ ನಾಲ್ಕು ಮಾತು ಹೇಳಿದರೆ ತಪ್ಪಾಗಲಾರದು. ಆ ಗೋಪುರಕ್ಕೂ ನಮ್ಮ ಚಾಲುಕ್ಯರಿಗೂ ಒಂದು ನಂಟಿದೆ. ಆದ್ದರಿಂದಲೇ ಈ ಮಾತು.

ಷಿಯಾನ್ ಶಾನ್‌ಷಿ ಪ್ರಾಂತದ ರಾಜಧಾನಿ. ಬೀಜಿಂಗಿನಿಂದ ಸುಮಾರು 1,200 ಕಿಲೋಮೀಟರು ದೂರ. ಈಗಿನ ವೇಗದ ರೈಲಿನಲ್ಲಿ ಐದಾರು ಗಂಟೆಯ ಪ್ರಯಾಣ. ಊರಿನ ಹಳೆಯ ಹೆಸರು ಚಾಂಗಾನ್. ಚಾಂಗಾನ್ ಎಂದರೆ ಬಹುಕಾಲದ ನೆಮ್ಮದಿ, ಷಿಯಾನ್ ಎಂದರೆ ಪಶ್ಚಿಮದ ನೆಮ್ಮದಿ. ಹೆಸರಿನಲ್ಲಿದ್ದಷ್ಟು ನೆಮ್ಮದಿ ಪಾಪ, ಊರಿನ ಪಾಲಿಗೆ ಬರಲಿಲ್ಲ. ಹಲವು ರಾಜವಂಶಗಳಿಗೆ ರಾಜಧಾನಿಯಾಗಿ ಮೆರೆಯಿತು, ಹಾಳುಬಿದ್ದಿತು, ಮತ್ತೆ ಎದ್ದು ನಿಂತಿತು. ಈಗ ಅದರ ಆಡಳಿತಕ್ಕೆ ಸೇರಿದ ಪ್ರದೇಶದಲ್ಲಿ, 2020ರ ಜನಗಣತಿಯಂತೆ, ಸುಮಾರು 1 ಕೋಟಿ 30 ಲಕ್ಷ ಜನರಿದ್ದಾರೆ.

ಹೊಸಬನ ಕಣ್ಣಿಗೆ ಮೊದಲು ಬೀಳುವುದು ಕೋಟೆ. ಹದಿನಾಲ್ಕನೆಯ ಶತಮಾನದಲ್ಲಿ ಮಿಂಗ್ ಅರಸರು ಕಟ್ಟಿಸಿದ್ದು. ಸುತ್ತಳತೆ ಹದಿನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಮೆ, ಎತ್ತರ 40 ಅಡಿಯಷ್ಟು. ಗೋಡೆಯ ನೆತ್ತಿ ಎಷ್ಟು ಅಗಲವೆಂದರೆ ಅದರ ಮೇಲೆ ಬೈಸಿಕಲ್ಲುಗಳನ್ನು ಬಾಡಿಗೆಗೆ ಕೊಡುತ್ತಾರೆ! ನಾನೂ ಒಂದನ್ನು ಪಡೆದು, ಕಾಲೇಜು ಬಿಟ್ಟ ಮೇಲೆ ತುಳಿಯದಿದ್ದ ಪೆಡಲನ್ನು ತುಳಿದು, ಎರಡು ಗಂಟೆಯಲ್ಲಿ ಕೋಟೆಯನ್ನು ಒಂದು ಸುತ್ತು ಬಂದೆ. ಒಳಗೆ ಗಂಟೆಯ ಗೋಪುರ, ನಗಾರಿಯ ಗೋಪುರ. ಅವುಗಳ ಹಿಂದೆ ಮುಸಲ್ಮಾನರ ಬೀದಿ. ಅಲ್ಲಿಯ ದೊಡ್ಡ ಮಸೀದಿಗೆ ಗುಮ್ಮಟವಿಲ್ಲ. ಹೊರಗಿನಿಂದ ನೋಡಿದವರು ಅದನ್ನು ಚೀನೀ ದೇವಾಲಯವೆಂದೇ ತಿಳಿಯಬೇಕು. ನನ್ನಂಥ ಸಸ್ಯಾಹಾರಿಗೆ ಅಲ್ಲಿ ಊಟದ ಗತಿಯೇನೆಂಬ ಅಳುಕಿತ್ತು. ಮೆಣಸಿನಕಾಯಿ ಎಣ್ಣೆಯನ್ನೂ ಹುಳಿಯನ್ನೂ ಸುರಿದು ಕೊಡುವ ತಣ್ಣನೆಯ ಶಾವಿಗೆಯಂಥ ತಿನಿಸೊಂದು ನನ್ನನ್ನು ಕಾಪಾಡಿತು. ಖಾರದಲ್ಲಿ ಆ ಜನ ನಮ್ಮ ಉತ್ತರ ಕರ್ನಾಟಕದವರಿಗೆ ಏನೂ ಕಡಮೆಯಿಲ್ಲ.

ಷಿಯಾನಿಗೆ ಹೋಗುವವರೆಲ್ಲ ನೋಡಬೇಕೆನ್ನುವ ಮಣ್ಣಿನ ಸೈನ್ಯವನ್ನೂ ನೋಡಿದೆ. 1974ರಲ್ಲಿ ರೈತರು ಬಾವಿ ತೋಡುವಾಗ ಕಂಡುಬಂದ ಆ ಸಾವಿರಾರು ಯೋಧರು ಎರಡು ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ಚಕ್ರವರ್ತಿಯ ಸಮಾಧಿಯ ಕಾವಲಿಗೆಂದು ನಿಂತವರು. ನೋಡಿ ಬೆರಗಾದೆ. ಆದರೆ ನಾನು ಅಷ್ಟು ದೂರ ಹೋದದ್ದು ಅವರಿಗಾಗಿ ಅಲ್ಲ.

ಕೋಟೆಯ ದಕ್ಷಿಣಕ್ಕೆ ಕೆಲವು ಕಿಲೋಮೀಟರು ಹೋದರೆ ದಾ ತ್ಸಿಯೆನ್ ಎಂಬ ಬೌದ್ಧ ವಿಹಾರ. ಈಗ ಕೋಟೆಯಿಂದ ಹೊರಗಿರುವ ಈ ಜಾಗ ಟಾಂಗ್ ಅರಸರ ಕಾಲದಲ್ಲಿ ಊರೊಳಗೇ ಇತ್ತು. ಚಾಂಗಾನ್ ಅಷ್ಟು ದೊಡ್ಡ ಪಟ್ಟಣ. ವಿಹಾರದ ನಡುವೆ ಏಳು ಅಂತಸ್ತಿನ ಇಟ್ಟಿಗೆಯ ಗೋಪುರ, 64 ಮೀಟರಿಗೂ ಹೆಚ್ಚು ಎತ್ತರ. ದೊಡ್ಡ ಕಾಡುಬಾತಿನ ಗೋಪುರವೆಂದು ಅದರ ಹೆಸರು. ನೆಟ್ಟಗಿರುವಂತೆ ಕಂಡರೂ ಸ್ವಲ್ಪ ವಾಲಿದೆ. 1556ರ ಮಹಾಭೂಕಂಪವನ್ನು ಕಂಡು ಉಳಿದುಕೊಂಡ ಕಟ್ಟಡ. ಅಷ್ಟು ವಾಲಿದರೆ ಅದೇನೂ ಅಪರಾಧವಲ್ಲ.

ಗೋಪುರದ ಮುಂದಿನ ಚೌಕದಲ್ಲಿ ದಂಡ ಹಿಡಿದು ನಿಂತಿರುವ ಭಿಕ್ಷುವಿನ ಕಂಚಿನ ಪ್ರತಿಮೆಯಿದೆ. ನಾವು ಶಾಲೆಯ ಪುಸ್ತಕದಲ್ಲಿ ಓದಿದ ಹ್ಯುಯೆನ್ ತ್ಸಾಂಗ್ ಈತನೇ. ಅಲ್ಲಿಯವರ ಉಚ್ಚಾರಣೆಯಲ್ಲಿ ಷ್ವಾನ್‌ಜಾಂಗ್. ಪ್ರತಿಮೆಯ ಬಳಿ ಮೊಮ್ಮಗಳನ್ನು ಕರೆತಂದಿದ್ದ ಒಬ್ಬ ವೃದ್ಧರು ನನ್ನನ್ನು ಏನೋ ಕೇಳಿದರು. ಯಾವ ದೇಶವೆಂದು ಇರಬೇಕೆಂದು ಊಹಿಸಿ "ಇಂಡಿಯಾ" ಎಂದೆ, ತಿಳಿಯಲಿಲ್ಲ. "ಭಾರತ" ಎಂದೆ, ಅದೂ ತಿಳಿಯಲಿಲ್ಲ. ಜೊತೆಗಿದ್ದ ಮಿತ್ರರು "ಯಿಂದು" ಎಂದರು. ಮುದುಕರ ಮುಖ ಅರಳಿತು. ಒಮ್ಮೆ ನನ್ನನ್ನೂ ಒಮ್ಮೆ ಪ್ರತಿಮೆಯನ್ನೂ ತೋರಿಸಿ, ಮೊಮ್ಮಗಳಿಗೆ ಏನನ್ನೋ ವಿವರಿಸತೊಡಗಿದರು.

ಈ "ಯಿಂದು" ಎಂಬ ಹೆಸರನ್ನು ನೆಲೆಗೊಳಿಸಿದವನು ಹ್ಯುಯೆನ್ ತ್ಸಾಂಗನೇ. ಅವನಿಗೆ ಮೊದಲು ಚೀನೀಯರು ನಮ್ಮ ದೇಶವನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಸರಿಯಾದ ಉಚ್ಚಾರ ಯಿಂದು, ಅದರ ಅರ್ಥ ಚಂದ್ರ ಎಂದು ಅವನು ಬರೆದ. ಇಂದು ಎಂದರೆ ಚಂದ್ರನೆಂಬುದು ನಮಗೂ ಗೊತ್ತು. ಹೆಸರಿನ ಮೂಲ ಅದೇ ಹೌದೋ ಅಲ್ಲವೋ, ಆ ವಿಚಾರ ಬೇರೆ. ಒಬ್ಬ ಯಾತ್ರಿಕ ಕೊಟ್ಟ ಹೆಸರು ಹದಿಮೂರೂವರೆ ಶತಮಾನದ ಮೇಲೂ ಒಬ್ಬ ಅಜ್ಜನ ಬಾಯಲ್ಲಿದೆ.

629ರ ಸುಮಾರಿಗೆ ಅವನು ಚಾಂಗಾನನ್ನು ಬಿಟ್ಟದ್ದು ಗುಟ್ಟಾಗಿ. ಗಡಿ ದಾಟಬಾರದೆಂದು ರಾಜಾಜ್ಞೆಯಿತ್ತು. ಮರಳಿದ್ದು 645ರಲ್ಲಿ; ಜೊತೆಗೆ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳು. ಆಜ್ಞೆ ಮೀರಿ ಹೋದವನನ್ನು ಅದೇ ಚಕ್ರವರ್ತಿ ಆದರದಿಂದ ಬರಮಾಡಿಕೊಂಡ. ಗ್ರಂಥಗಳಿಗೆ ಬೆಂಕಿಯ ಭಯವಿರಬಾರದೆಂದು 652ರಲ್ಲಿ ಈ ಗೋಪುರದ ಕೆಲಸ ನಡೆಯಿತು. ಭಿಕ್ಷು ತಾನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಅವನ ಶಿಷ್ಯರು ಬರೆದ ಚರಿತ್ರೆ ಹೇಳುತ್ತದೆ. 664ರಲ್ಲಿ ಕಣ್ಣು ಮುಚ್ಚುವವರೆಗೆ ಅವನು ಅನುವಾದ ಮಾಡಿ ಮುಗಿಸಿದ್ದು 75 ಗ್ರಂಥಗಳು. ಅವುಗಳಲ್ಲಿ ನಮ್ಮ ವೈಶೇಷಿಕ ದರ್ಶನದ "ದಶಪದಾರ್ಥಶಾಸ್ತ್ರ"ವೂ ಒಂದು. ಅದರ ಸಂಸ್ಕೃತ ಮೂಲ ನಮ್ಮಲ್ಲಿ ಕಳೆದುಹೋಗಿದೆ. ಚೀನೀ ಭಾಷೆಯಲ್ಲಿ ಮಾತ್ರ ಉಳಿದಿದೆ.

ಇನ್ನು ಚಾಲುಕ್ಯರ ಮಾತು. ಸುಮಾರು 641ರಲ್ಲಿ ಹ್ಯುಯೆನ್ ತ್ಸಾಂಗ್ ಪಲ್ಲವರ ಕಂಚಿಯನ್ನು ನೋಡಿಕೊಂಡು ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ. ಬಾದಾಮಿಗೇ ಬಂದನೆಂದು ಹೇಳುವಂತಿಲ್ಲ. ಅವನು ಕಂಡ ಪಟ್ಟಣ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅರಸನ ಹೆಸರನ್ನು ಹೇಳಿದ್ದಾನೆ, ಜನರ ಸ್ವಭಾವವನ್ನೂ ಹೇಳಿದ್ದಾನೆ. ಉಪಕಾರ ಮರೆಯರು, ಅವಮಾನ ಸಹಿಸರು. ಹಗೆ ತೀರಿಸುವ ಮುನ್ನ ಹಗೆಗೆ ಮುಂದಾಗಿ ತಿಳಿಸುತ್ತಾರೆ. ಸೋತು ಬಂದ ಸೇನಾನಿಗೆ ಬೇರೆ ಶಿಕ್ಷೆ ಕೊಡದೆ ಹೆಂಗಸರ ಉಡುಗೆ ಕೊಡುತ್ತಾರೆ ಎಂದು ಬರೆದಿದ್ದಾನೆ. ಉತ್ತರಾಪಥವನ್ನೆಲ್ಲ ಗೆದ್ದ ಹರ್ಷ ತಾನೇ ದಂಡೆತ್ತಿ ಬಂದರೂ ಈ ಜನವನ್ನು ಮಣಿಸಲಾಗಲಿಲ್ಲವೆಂದೂ ಹೇಳಿದ್ದಾನೆ.

ಪುಲಕೇಶಿ ಹರ್ಷನನ್ನು ತಡೆದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯೂ ಸಾರಿದ್ದಾನೆ. ಆದರೆ ರವಿಕೀರ್ತಿ ಆಸ್ಥಾನದ ಆಶ್ರಯ ಪಡೆದ ಕವಿ. ಒಡೆಯನನ್ನು ಹೊಗಳಿದರೆ ಯಾರು ಬೆರಗಾದಾರು? ಈ ಚೀನೀ ಭಿಕ್ಷುವಾದರೋ ಪುಲಕೇಶಿಯ ಋಣದಲ್ಲಿದ್ದವನಲ್ಲ. ಆಮೇಲೆ ಅವನನ್ನು ಕನೌಜಿನ ಮಹಾಸಭೆಯಲ್ಲಿ ಕೂರಿಸಿ ಸನ್ಮಾನಿಸಿದವನು ಹರ್ಷ. ಹರ್ಷನ ಉಪಕಾರ ಹೊತ್ತೂ, ಹರ್ಷನಿಗೆ ಅಲ್ಲಿ ಗೆಲವಾಗಲಿಲ್ಲವೆಂದು ಬರೆಯಲು ಅವನು ಹಿಂಜರಿಯಲಿಲ್ಲ. ನಮ್ಮ ಮಾತಿಗೆ ಹೊರಗಿನವನ ಸಾಕ್ಷಿ ದೊರೆತದ್ದು ಹೀಗೆ.

ಇನ್ನೊಂದು ಸಂಗತಿ ಆ ಗೋಪುರದ ಮೆಟ್ಟಿಲೇರುವಾಗ ನನ್ನ ಮನಸ್ಸನ್ನು ಹಿಡಿದಿತ್ತು. ಅವನು ಬಂದು ಹೋದ ಸ್ವಲ್ಪ ಕಾಲದಲ್ಲೇ, 642ರ ಸುಮಾರಿಗೆ, ಅದೇ ಕಂಚಿಯಿಂದ ಬಂದ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಪುಲಕೇಶಿಯ ಆಳ್ವಿಕೆ ಮುಗಿಯಿತು. ಹ್ಯುಯೆನ್ ತ್ಸಾಂಗ್ ಚಾಂಗಾನಿನಲ್ಲಿ ಕುಳಿತು ಪ್ರವಾಸಕಥನ ಮುಗಿಸಿದ್ದು 646ರಲ್ಲಿ. ಯಾರಿಗೂ ಮಣಿಯದ ಅರಸನೆಂದು ಅವನು ಬರೆಯುವ ವೇಳೆಗೆ ಆ ಅರಸನೇ ಇರಲಿಲ್ಲ, ಅವನ ಊರು ಶತ್ರುವಿನ ಕೈಯಲ್ಲಿತ್ತು. ಇಲ್ಲಿ ಮುಳುಗಿದ ವೈಭವ ಅಲ್ಲಿ ಕಾಗದದ ಮೇಲೆ ಬೆಳಗುತ್ತಿತ್ತು.

ಗೋಪುರದ ಮೇಲಂತಸ್ತಿನಲ್ಲಿ ನಾಲ್ಕು ದಿಕ್ಕಿಗೂ ಕಿಟಕಿಗಳಿವೆ. ಉತ್ತರಕ್ಕೆ ನೇರವಾದ ಹೆದ್ದಾರಿ, ಕೆಳಗೆ ಕಾರಂಜಿಗಳು, ಮಕ್ಕಳು. ನಾನು ಪಶ್ಚಿಮದ ಕಿಟಕಿಯ ಬಳಿ ಹೆಚ್ಚು ಹೊತ್ತು ನಿಂತೆ. ಅವನು ಹೋದ ದಾರಿ ಅದು. ಹದಿನಾರು ವರ್ಷ ಪರದೇಶದಲ್ಲಿ ಅಲೆದವನಿಗೆ ನಮ್ಮ ನಾಡಿನಲ್ಲಿ ಯಾರೋ ಅನ್ನವಿಟ್ಟಿರಬೇಕು, ಯಾರೋ ದಾರಿ ತೋರಿಸಿರಬೇಕು. ಅವರ ಹೆಸರು ಎಲ್ಲಿಯೂ ಇಲ್ಲ. ಆದರೆ ಉಪಕಾರವನ್ನು ಮರೆಯದ ಜನವೆಂಬ ಅವನ ಮಾತಿನಲ್ಲಿ ಅವರೂ ಸೇರಿದ್ದಾರೆಂದು ನನಗೆ ತೋರಿತು.

ಐಹೊಳೆ, ಬಾದಾಮಿಗಳಿಗೆ ಇಂದೂ ಪರದೇಶದವರು ಬರುತ್ತಾರೆ. ಭಾಷೆ ತಿಳಿಯದೆ ದಾರಿ ಕೇಳುತ್ತಾರೆ. ಆಗ ಸ್ವಲ್ಪ ತಾಳ್ಮೆಯಿಂದ ನಿಂತು ದಾರಿ ತೋರಿಸೋಣ. ನಮ್ಮ ವಿಷಯವಾಗಿ ಅವರು ತಮ್ಮೂರಿಗೆ ಏನು ಬರೆದುಕೊಂಡು ಹೋಗುತ್ತಾರೋ, ಯಾರು ಬಲ್ಲರು?