ಅವಧಿಗೆ ಮುನ್ನ ನಿವೃತ್ತಿ: ಪಿಂಚಣಿಯ ಲೆಕ್ಕ, ಕಾಗದಪತ್ರಗಳ ಎಚ್ಚರ

(ಸಂಘದ ವಾರ್ಷಿಕ ಸಮಾವೇಶದ ನೌಕರರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಒಪ್ಪಿಸಿರುವುದು ಒಣ ವಿಷಯ. ಮಕ್ಕಳ ಕಾರ್ಯಕ್ರಮ ಮುಗಿದು, ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇರುವಾಗ ಪಿಂಚಣಿಯ ಲೆಕ್ಕ ಹೇಳಲು ನನ್ನನ್ನು ನಿಲ್ಲಿಸಿದ್ದೀರಿ. ಆದರೂ ಈ ಸಭೆಯಲ್ಲಿ ನಾಲ್ಕೈದು ಮಂದಿಯಾದರೂ ಸ್ವಯಂ ನಿವೃತ್ತಿ ತೆಗೆದುಕೊಳ್ಳೋಣವೇ ಎಂದು ಯೋಚಿಸುತ್ತಿರುವವರು ಇದ್ದೇ ಇರುತ್ತಾರೆ. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಮಂಡಿನೋವು, ಮೇಲಧಿಕಾರಿಯ ಕಿರುಕುಳ, ಹೀಗೆ ಕಾರಣ ಯಾವುದೂ ಆಗಬಹುದು. ತೆಗೆದುಕೊಳ್ಳಬೇಡಿ ಎಂದು ಹೇಳಲು ನಾನು ಬಂದಿಲ್ಲ. ಸಹಿ ಹಾಕುವ ಮೊದಲು ಏನೇನು ನೋಡಿಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು.

ಅವಧಿಗೆ ಮುನ್ನ ಮನೆಗೆ ಹೋಗುವುದು ನಮ್ಮ ನಾಡಿಗೆ ಹೊಸದಲ್ಲ. 2000-01ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ವಿಆರ್‌ಎಸ್ ಪಡೆದು ಹೊರಬಂದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿದಾಗ ಉಳಿದಿದ್ದವರೂ ಇದೇ ದಾರಿ ಹಿಡಿದರು. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ನಿವೃತ್ತರಾದರು. ಇವರೆಲ್ಲರಿಗೂ ಸಿಕ್ಕಿದ್ದು ಒಂದೇ ರೀತಿಯ ಪಿಂಚಣಿಯಲ್ಲ. ಬಿಎಸ್‌ಎನ್‌ಎಲ್‌ನ ಬಹುಪಾಲು ನೌಕರರಿಗೆ ಸರ್ಕಾರಿ ಮಾದರಿಯ ಪಿಂಚಣಿ ಇತ್ತು. ಕಾರ್ಖಾನೆಯವರಿಗೆ ಇದ್ದದ್ದು ಭವಿಷ್ಯ ನಿಧಿ ಮತ್ತು ಅದಕ್ಕೆ ಅಂಟಿಕೊಂಡ ಸಣ್ಣ ಪಿಂಚಣಿ. ಹೊರಗಿನವರ ಕಣ್ಣಿಗೆ ಎಲ್ಲರೂ ‘ವಿಆರ್‌ಎಸ್ ತಗೊಂಡವರು’. ಪಕ್ಕದ ಮನೆಯವರಿಗೆ ಇಷ್ಟು ಬಂತು, ನನಗೂ ಬರುತ್ತದೆ ಎಂಬ ಅಂದಾಜಿನಲ್ಲಿ ಅರ್ಜಿ ಹಾಕುವವರು ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲ ಪ್ರಶ್ನೆ: ನಾನು ಯಾವ ಪಿಂಚಣಿಯ ಕೆಳಗೆ ಬರುತ್ತೇನೆ?

ಸರ್ಕಾರಿ ನೌಕರರ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ರಾಜ್ಯ ಸರ್ಕಾರಿ ನೌಕರರು 15 ವರ್ಷಗಳ ಅರ್ಹತಾದಾಯಕ ಸೇವೆಯ ನಂತರ, ಕೇಂದ್ರದವರು 20 ವರ್ಷಗಳ ನಂತರ, ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. ಆದರೆ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ, ಕೇಂದ್ರದಲ್ಲಿ 2004ರ ಜನವರಿ 1ರ ನಂತರ ಸೇರಿದವರಿಗೆ ಬಂದದ್ದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಅದರಲ್ಲಿದ್ದು ಅವಧಿಗೆ ಮುನ್ನವೇ ಹೊರಬಂದರೆ ಕೂಡಿಟ್ಟ ಮೊತ್ತದ ಶೇ. 80ರಷ್ಟನ್ನು ವರ್ಷಾಶನಕ್ಕೆ ಹಾಕಬೇಕಾಗುತ್ತದೆ. ಕೈಗೆ ಸಿಗುವುದು ಉಳಿದ ಐದನೇ ಒಂದು ಭಾಗ. ಮನೆ ಕಟ್ಟುವ ಲೆಕ್ಕ ಹಾಕಿಕೊಂಡವರಿಗೆ ಇದು ದೊಡ್ಡ ಪೆಟ್ಟು.

ಹಳೆಯ ಪಿಂಚಣಿಯವರಿಗೆ ಒಂದೇ ಒಂದು ಎಚ್ಚರಿಕೆ ಹೇಳುತ್ತೇನೆ, ದಯವಿಟ್ಟು ನೆನಪಿಡಿ. ಅರ್ಜಿಯಲ್ಲಿ ‘ರಾಜೀನಾಮೆ’ ಎಂದು ಬರೆಯಬೇಡಿ. ನಮಗೆ ರಾಜೀನಾಮೆಯೂ ಸ್ವಯಂ ನಿವೃತ್ತಿಯೂ ಒಂದೇ, ಕೆಲಸ ಬಿಟ್ಟೆವು ಅಷ್ಟೇ. ನಿಯಮದ ಕಣ್ಣಿಗೆ ಹಾಗಲ್ಲ. ಸ್ವಯಂ ನಿವೃತ್ತಿಯಲ್ಲಿ ಮಾಡಿದ ಸೇವೆ ಪಿಂಚಣಿಗೆ ಉಳಿಯುತ್ತದೆ. ರಾಜೀನಾಮೆಯಲ್ಲಿ ಹಿಂದಿನ ಸೇವೆಯೆಲ್ಲ ಅಳಿಸಿಹೋಗುತ್ತದೆ. ಇಪ್ಪತ್ತು ವರ್ಷ ದುಡಿದಿದ್ದರೂ ರಾಜೀನಾಮೆ ಕೊಟ್ಟವರಿಗೆ ಪಿಂಚಣಿ ಇಲ್ಲ ಎಂದು 2019ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಸಿಟ್ಟಿನಲ್ಲಿ ಬರೆದ ಒಂದು ಪದ ಹೆಂಡತಿಯ ಕುಟುಂಬ ಪಿಂಚಣಿಯನ್ನೂ ನುಂಗಬಲ್ಲದು.

ಈಗ ಈ ಸಭೆಯ ಬಹುಮಂದಿಗೆ ಸಂಬಂಧಿಸಿದ ವಿಚಾರಕ್ಕೆ ಬರುತ್ತೇನೆ. ಅನುದಾನರಹಿತ ಶಾಲೆಯ ಅಧ್ಯಾಪಕರು, ಕಾರ್ಖಾನೆಯ ಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಎಲ್ಲರೂ ಬರುವುದು 1995ರ ನೌಕರರ ಪಿಂಚಣಿ ಯೋಜನೆಯ ಕೆಳಗೆ. ಮಾಲೀಕರು ಕಟ್ಟುವ ಪಾಲಿನಲ್ಲಿ ಸಂಬಳದ ಶೇ. 8.33ರಷ್ಟು ಇದಕ್ಕೆ ಹೋಗುತ್ತದೆ. ಪಿಎಫ್ ಹಣ ಬೇರೆ, ಪಿಂಚಣಿ ಬೇರೆ. ಪಾಸ್‌ಬುಕ್ಕಿನಲ್ಲಿ ಎರಡಕ್ಕೂ ಪ್ರತ್ಯೇಕ ಕಲಮುಗಳಿವೆ, ಮನೆಗೆ ಹೋಗಿ ನೋಡಿ.

ಹತ್ತು ವರ್ಷಗಳ ಸೇವೆ ಇದ್ದರೆ ಪಿಂಚಣಿಯ ಹಕ್ಕು ಬರುತ್ತದೆ. ಪೂರ್ಣ ಪಿಂಚಣಿ 58ಕ್ಕೆ. 50 ತುಂಬಿ ಕೆಲಸ ಬಿಟ್ಟವರು ಬೇಕಾದರೆ ಆಗಲೇ ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ಶೇ. 4ರಂತೆ ಕಡಿತ. 2008ಕ್ಕೆ ಮುಂಚೆ ಅದು ಶೇ. 3 ಇತ್ತು. ಈ ಕಡಿತ 58 ಆದ ಮೇಲೆ ಸರಿಹೋಗುತ್ತದೆ ಎಂದು ನಂಬಿದವರನ್ನು ನಾನು ಬಹಳ ಕಂಡಿದ್ದೇನೆ. ಸರಿಹೋಗುವುದಿಲ್ಲ. ಒಮ್ಮೆ ಕಡಿಮೆಯಾದದ್ದು ಜೀವಮಾನಕ್ಕೆ ಕಡಿಮೆ. ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. 2005ರ ಸೆಪ್ಟೆಂಬರಿನಲ್ಲಿ ಸೇರಿ 2023ರ ಆಗಸ್ಟಿನಲ್ಲಿ, ಐವತ್ತನೇ ವಯಸ್ಸಿಗೆ, ಬಿಟ್ಟ ಒಬ್ಬ ಕಾರ್ಮಿಕರನ್ನು ಇಟ್ಟುಕೊಳ್ಳಿ. ಸೇವೆ 18 ವರ್ಷ. ಸೂತ್ರ ಸರಳ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮುಂಚಿನ ಸೇವೆಗೆ ಸಂಬಳದ ಮಿತಿ 6,500 ರೂ., ಅಲ್ಲಿಂದ ಈಚೆಗೆ 15,000 ರೂ. ಇವರಿಗೆ ಮಿತಿಯಷ್ಟು ಸಂಬಳ ಇತ್ತೆಂದೇ ಇಟ್ಟುಕೊಂಡರೆ, ಮೊದಲ ಒಂಬತ್ತು ವರ್ಷಕ್ಕೆ 835 ರೂ. ಚಿಲ್ಲರೆ, ಮುಂದಿನ ಒಂಬತ್ತಕ್ಕೆ 1,928 ರೂ. ಚಿಲ್ಲರೆ. ಒಟ್ಟು 2,764 ರೂ. ಇದು 58ರವರೆಗೆ ಕಾದರೆ. ಐವತ್ತಕ್ಕೇ ತೆಗೆದುಕೊಂಡರೆ ಎರಡು ಸಾವಿರದೊಳಕ್ಕೆ ಇಳಿಯುತ್ತದೆ.

ಹಾಗಾದರೆ ಕಾಯುವುದೇ ಜಾಣತನವೇ? ಅಷ್ಟು ಸುಲಭವಲ್ಲ. ಎಂಟು ವರ್ಷ ಮೊದಲೇ ಪಡೆಯಲು ಶುರುಮಾಡಿದವರ ಒಟ್ಟು ಮೊತ್ತವನ್ನು ಕಾದವರು ಸರಿಗಟ್ಟುವಷ್ಟರಲ್ಲಿ ವಯಸ್ಸು ಎಪ್ಪತ್ತೈದು ದಾಟಿರುತ್ತದೆ. ಆರೋಗ್ಯ ಕೆಟ್ಟವರು, ಮನೆಯಲ್ಲಿ ಬೇರೆ ಆದಾಯವಿಲ್ಲದವರು ಬೇಗ ತೆಗೆದುಕೊಂಡರೆ ಯಾರೂ ತಪ್ಪೆನ್ನಲಾಗದು. ನಾನು ಬೇಡವೆನ್ನುವುದು ಬೇರೆ ತರಹದವರಿಗೆ. ಐವತ್ತರಲ್ಲಿ ವಿಆರ್‌ಎಸ್ ಪಡೆದು ಇನ್ನೊಂದು ಕಡೆ ಕೆಲಸಕ್ಕೆ ಸೇರುವವರು ನಮ್ಮಲ್ಲಿ ಬಹಳ. ಅಂಥವರು ಪಿಂಚಣಿ ಕೇಳದೆ, ಹತ್ತು ಸಿ ನಮೂನೆಯಲ್ಲಿ ಸ್ಕೀಮ್ ಸರ್ಟಿಫಿಕೇಟ್ ಪಡೆದು, ಪಿಎಫ್ ಇರುವ ಹೊಸ ಕೆಲಸದ ಸೇವೆಯನ್ನು ಹಳೆಯದಕ್ಕೆ ಸೇರಿಸಿಕೊಳ್ಳಬಹುದು. ವರ್ಷಗಳೂ ಬೆಳೆಯುತ್ತವೆ, ಕಡಿತವೂ ತಪ್ಪುತ್ತದೆ.

ಹತ್ತು ವರ್ಷ ತುಂಬದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ನಮ್ಮ ಶಾಲೆಗಳ ಅಧ್ಯಾಪಕಿಯರು ಮದುವೆಯಾಗಿಯೋ ಮಗುವಾಗಿಯೋ ಏಳೆಂಟು ವರ್ಷಕ್ಕೆ ಬಿಡುತ್ತಾರೆ, ಪಿಂಚಣಿಯ ಹಣವನ್ನೂ ಪೂರ್ತಿ ತೆಗೆದುಬಿಡುತ್ತಾರೆ. ಸಿಗುವುದು ಕೆಲವು ಸಾವಿರ, ಒಂದು ಫ್ರಿಜ್ಜಿನ ಬೆಲೆ. ಆ ಎಂಟು ವರ್ಷದ ಸೇವೆ ಅಲ್ಲಿಗೆ ಮುಗಿಯಿತು. ಮುಂದೆ ಮಕ್ಕಳು ಶಾಲೆಗೆ ಹೋಗತೊಡಗಿದಾಗ ಮತ್ತೆ ಕೆಲಸಕ್ಕೆ ಸೇರಿದರೆ ಸೊನ್ನೆಯಿಂದ ಎಣಿಕೆ. ಸರ್ಟಿಫಿಕೇಟ್ ತೆಗೆದಿಟ್ಟಿದ್ದರೆ ಇನ್ನೆರಡೇ ವರ್ಷ ಸಾಕಿತ್ತು. ಒಂಬತ್ತೂವರೆ ವರ್ಷವಾಗಿದ್ದರೆ ಅದನ್ನು ಹತ್ತೆಂದೇ ಎಣಿಸುತ್ತಾರೆ, ಇದು ಹಲವರಿಗೆ ತಿಳಿದಿಲ್ಲ.

ಇನ್ನು ಒಟ್ಟಿಗೆ ಬರುವ ಹಣ. ಪರಿಹಾರಧನ, ಗ್ರಾಚ್ಯುಟಿ, ಪಿಎಫ್, ರಜೆಯ ಸಂಬಳ, ಎಲ್ಲ ಸೇರಿ ಜೀವನದಲ್ಲಿ ಮೊದಲ ಬಾರಿಗೆ ಖಾತೆಯಲ್ಲಿ ಹದಿನೈದೋ ಇಪ್ಪತ್ತೋ ಲಕ್ಷ ಕಾಣುತ್ತದೆ. ಸ್ವಯಂ ನಿವೃತ್ತಿಯ ಪರಿಹಾರಧನದಲ್ಲಿ 5 ಲಕ್ಷ ರೂ.ವರೆಗೆ, ಜೀವಮಾನದಲ್ಲಿ ಒಂದು ಬಾರಿ, ಆದಾಯ ತೆರಿಗೆ ಇಲ್ಲ. ಮಿಕ್ಕಿದ್ದಕ್ಕೆ ಇದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಮಂಟಪಕ್ಕೆ ಮುಂಗಡ ಕೊಟ್ಟುಬಿಡಬೇಡಿ.

ತೆರಿಗೆಗಿಂತ ದೊಡ್ಡ ಭಯ ಬಂಧುಗಳದ್ದು, ನಗಬೇಡಿ. ಹಣ ಬಂದ ಸುದ್ದಿ ಹಣಕ್ಕಿಂತ ಮೊದಲು ಊರಿಗೆ ತಲುಪುತ್ತದೆ. ಭಾವಮೈದನಿಗೆ ಅಂಗಡಿ ಹಾಕಲು ಬೇಕು, ತಮ್ಮನ ಮಗನಿಗೆ ವೀಸಾಕ್ಕೆ ಬೇಕು. ನನಗೆ ಗೊತ್ತಿರುವ ಒಬ್ಬ ಕಾರ್ಮಿಕರು ನಲವತ್ತಾರಕ್ಕೆ ವಿಆರ್‌ಎಸ್ ಪಡೆದವರು. ಎರಡು ಮದುವೆ, ಒಂದು ವೀಸಾ, ಮೂರು ವರ್ಷದಲ್ಲಿ ಹಣ ಕರಗಿತು. ಪಿಂಚಣಿ ಕೇಳಲು ಐವತ್ತಾಗಲು ಇನ್ನೂ ಒಂದು ವರ್ಷ ಬಾಕಿ ಇತ್ತು. ಆ ಒಂದು ವರ್ಷ ಅವರು ರಾತ್ರಿ ಕಾವಲು ಕಾದರು, ಹೆಂಡತಿ ಬೀಡಿ ಕಟ್ಟಿದರು. ಮಕ್ಕಳಿಗೆ ಕೊಟ್ಟದ್ದರ ಬಗ್ಗೆ ಅವರಿಗೆ ಬೇಸರವಿಲ್ಲ. ತಿಂಗಳ ಖರ್ಚಿಗೆ ಏನನ್ನೂ ಎತ್ತಿಡದ್ದರ ಬಗ್ಗೆ ಮಾತ್ರ ಈಗಲೂ ಮಾತಾಡುತ್ತಾರೆ.

ಹಣ ಎಲ್ಲಿಡಬೇಕು ಎಂದು ಕೇಳುತ್ತೀರಿ. ಸ್ವಯಂ ನಿವೃತ್ತಿ ಪಡೆದವರು 55 ತುಂಬಿದ್ದರೆ, ಅರವತ್ತಾಗುವವರೆಗೆ ಕಾಯದೆ, ಹಣ ಕೈಸೇರಿದ ಮೂರು ತಿಂಗಳೊಳಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸೇರಬಹುದು. ಬಡ್ಡಿಯ ವಿಷಯದಲ್ಲಿ ಮನಸ್ಸು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಅವರವರ ನಿರ್ಧಾರ, ನಾನು ತೀರ್ಪು ಕೊಡುವವನಲ್ಲ. ಆದರೆ ಆ ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡವರನ್ನು ನಾವು ಕಂಡಾಗಿದೆ. ಲಾಭದಲ್ಲಿ ಪಾಲು ಎಂಬ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡ ಬೆಂಗಳೂರಿನ ಐಎಂಎ 2019ರ ಜೂನಿನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳು ದೂರು ಹಿಡಿದು ಸಾಲು ನಿಂತವು. ಅದೇ ತಿಂಗಳು ಅದರ ಸ್ಥಾಪಕ ದೇಶ ಬಿಟ್ಟಿದ್ದ, ಜುಲೈನಲ್ಲಿ ದೆಹಲಿಯಲ್ಲಿ ಬಂಧನವಾಯಿತು. ಸೆಬಿಯಲ್ಲೋ ರಿಸರ್ವ್ ಬ್ಯಾಂಕಿನಲ್ಲೋ ನೋಂದಣಿ ಇದೆಯೇ ಎಂದು ಕೇಳುವುದು ಅವಿಶ್ವಾಸವಲ್ಲ. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಬಳಿ ಹಣ ಇಡಬೇಡಿ. ಬಡ್ಡಿ ಬೇಡವೆಂದರೆ ಒಂದು ಸಣ್ಣ ಬಾಡಿಗೆ ಮನೆ ಇದೆ, ತಿಂಗಳಿಗಿಷ್ಟೆಂದು ಕೈಗೆ ಬರುತ್ತದೆ, ಯಾರೂ ಎತ್ತಿಕೊಂಡು ಓಡಲಾರರು.

ಇನ್ನು ಹೆಸರಿನ ವಿಚಾರ. ನನ್ನ ಅನುಭವದಲ್ಲಿ ನಮ್ಮವರ ಪಿಂಚಣಿ ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಸೇವಾ ಪುಸ್ತಕದಲ್ಲಿ ಎಂ. ಎ. ಖಾದರ್, ಆಧಾರಿನಲ್ಲಿ ಮೊಹಮ್ಮದ್ ಅಬ್ದುಲ್ ಖಾದಿರ್, ಬ್ಯಾಂಕಿನಲ್ಲಿ ಖಾದರ್ ಸಾಬ್. ಮೂವರೂ ಒಬ್ಬರೇ ಎಂದು ಮನೆಯವರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹೆಂಡತಿಯ ಹೆಸರು ಒಂದು ಕಡೆ ಜಾನ್ ಬೀ, ಇನ್ನೊಂದು ಕಡೆ ಬೀಬಿ ಜಾನ್. ಹುಟ್ಟಿದ ದಿನ ಎಷ್ಟೋ ಜನರಿಗೆ ಜೂನ್ 1, ಅದು ಶಾಲೆಗೆ ಸೇರಿಸಿದ ಮೇಷ್ಟರು ಕೊಟ್ಟ ವರ. ಕೆಲಸದಲ್ಲಿದ್ದಾಗ ಇದನ್ನು ಸರಿಪಡಿಸುವುದು ಸುಲಭ, ಮಾಲೀಕರೊಂದಿಗೆ ಜಂಟಿ ಘೋಷಣೆ ಸಲ್ಲಿಸಿದರೆ ಆಯಿತು. ಕಾರ್ಖಾನೆ ಮುಚ್ಚಿದ ಮೇಲೆ ಸಹಿ ಹಾಕಲು ಯಾರೂ ಇರುವುದಿಲ್ಲ. ಆದ್ದರಿಂದ ವಿಆರ್‌ಎಸ್ ಅರ್ಜಿಗೆ ಆರು ತಿಂಗಳು ಮೊದಲು ಈ ಕೆಲಸ ಮುಗಿಸಿ. ಹೆಂಡತಿಯ ಹೆಸರು ಎಲ್ಲ ಕಡೆ ಒಂದೇ ಆಗಲಿ. ನಿಕಾಹ್‌ನಾಮೆಯ ಪ್ರತಿ ಮನೆಯಲ್ಲಿರಲಿ.

ನಾಮಿನಿಯ ವಿಷಯ ಇದಕ್ಕೇ ಸೇರಿದ್ದು. ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ತಾಯಿಯ ಹೆಸರು ಬರೆದವರು ಅದನ್ನು ಹಾಗೆಯೇ ಬಿಟ್ಟಿರುತ್ತೀರಿ. ಪಿಎಫ್ ನಿಯಮದಂತೆ ಮದುವೆಯಾದ ದಿನವೇ ಆ ನಾಮನಿರ್ದೇಶನ ರದ್ದು. ಹೊಸದಾಗಿ ಮಾಡದಿದ್ದರೆ ನಾಮಿನಿಯೇ ಇಲ್ಲದ ಖಾತೆ ಅದು. ಮತ್ತೊಂದು ಗೊಂದಲ: ಗಂಡ ತೀರಿಕೊಂಡಾಗ ಕುಟುಂಬ ಪಿಂಚಣಿಯಲ್ಲೂ ಪಾಲು ಕೇಳುವ ಅಣ್ಣತಮ್ಮಂದಿರಿದ್ದಾರೆ. ಕುಟುಂಬ ಪಿಂಚಣಿ ಮೃತರ ಆಸ್ತಿಯೇ ಅಲ್ಲ, ಅದನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆಯಲೂ ಬರುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. ನಿಯಮ ಯಾರಿಗೆ ಎನ್ನುತ್ತದೋ ಅವರದ್ದು. ಕಾರ್ಮಿಕರ ಪಿಂಚಣಿಯಲ್ಲಿ ಪಿಂಚಣಿದಾರರ ನಂತರ ಸಂಗಾತಿಗೆ ಅರ್ಧ, ಕನಿಷ್ಠ 1,000 ರೂ. ಅದರ ಜೊತೆಗೆ 25 ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಬೇರೆ ಪಾಲಿದೆ. ಇದನ್ನು ತಾಯಂದಿರು ಕೇಳಿಸಿಕೊಳ್ಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೇನೆ.

ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಸರ್ಕಾರಿ ಪಿಂಚಣಿಯವರಿಗೆ ಅದು ನವೆಂಬರಿನಲ್ಲಿ. ಪಿಎಫ್ ಪಿಂಚಣಿಯವರು ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಹನ್ನೆರಡು ತಿಂಗಳು ನಡೆಯುತ್ತದೆ. ಬೆರಳು ಸವೆದು ಗುರುತು ಸಿಗದ ಹಿರಿಯರು ಮುಖ ತೋರಿಸಿ ಮೊಬೈಲಿನಲ್ಲೇ ಕೊಡಬಹುದು, ಮೊಮ್ಮಕ್ಕಳು ಮಾಡಿಕೊಡುತ್ತಾರೆ. 2025ರ ಜನವರಿಯಿಂದ ಪಿಎಫ್ ಪಿಂಚಣಿಯನ್ನು ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಡೆಯಬಹುದು. ಮಗನ ಊರಿಗೆ ಹೋಗಿ ನೆಲೆಸಿದವರು ಹಳೆಯ ಶಾಖೆಗೆ ಅಲೆಯಬೇಕಾಗಿಲ್ಲ.

ಕೊನೆಯದಾಗಿ, ಇಎಸ್‌ಐ. ಇದನ್ನು ಕಾರ್ಮಿಕರಿಗೆ ಯಾರೂ ಹೇಳುವುದಿಲ್ಲ. ಐದು ವರ್ಷವಾದರೂ ಇಎಸ್‌ಐ ವಿಮೆಯಲ್ಲಿದ್ದು ಸ್ವಯಂ ನಿವೃತ್ತಿ ಪಡೆದವರು ತಿಂಗಳಿಗೆ 10 ರೂ.ನಂತೆ ವರ್ಷದ 120 ರೂ. ಒಟ್ಟಿಗೆ ಕಟ್ಟಿ ಗಂಡಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಇದಕ್ಕೂ ನಿವೃತ್ತಿ ‘ಸ್ವಯಂ ನಿವೃತ್ತಿ’ ಎಂದೇ ದಾಖಲಾಗಿರಬೇಕು. ಹಳೆಯ ವಿಮಾ ಸಂಖ್ಯೆ ಇರುವ ಕಾರ್ಡನ್ನು ಬಿಸಾಡಬೇಡಿ. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ವಾರ ಕಚೇರಿಯಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ.

ಹತ್ತು ಸಿ, ಹತ್ತು ಡಿ ಮತ್ತು ಜಂಟಿ ಘೋಷಣೆಯ ನಮೂನೆಗಳನ್ನು ತಂದಿದ್ದೇನೆ, ಬಾಗಿಲ ಪಕ್ಕದ ಮೇಜಿನ ಮೇಲಿವೆ. ಊಟದ ನಂತರ ಅಲ್ಲೇ ಕುಳಿತಿರುತ್ತೇನೆ. ಪಾಸ್‌ಬುಕ್ ತಂದವರು ಮೊದಲು ಬನ್ನಿ.